ಕಿವಿಯಿಲ್ಲದ ಮೋಡೆಮ್

ಗಣಿಧೂಳು ಹಾರುತ್ತಿದ್ದ ಆ ವರ್ಷಗಳಲ್ಲಿ ಹೊಸಪೇಟೆಯ ಜನ ಕಾರು ಬದಲಿಸುತ್ತಿದ್ದರು, ಮನೆ ಬದಲಿಸುತ್ತಿದ್ದರು. ನಾನು ಮಾತ್ರ ನನ್ನ ಹಳೆಯ ಕಂಪ್ಯೂಟರನ್ನು ಬದಲಿಸುವುದಿಲ್ಲವೆಂದು ಶಪಥ ಮಾಡಿದ್ದೆ. ಟೆಲಿಫೋನ್ ತಂತಿಯ ಮೂಲಕ ಇ-ಮೇಲ್ ಕಳಿಸಲು ಅದಕ್ಕೊಂದು ಮೋಡೆಮ್ ಬೇಕಾಗಿತ್ತು. ಮಗಳಿಗೆ ಗಂಡು ಹುಡುಕುವ ತಂದೆಯ ಗಾಂಭೀರ್ಯದಿಂದ ಹೊರಟೆ.

ಅಂಗಡಿಗಳಲ್ಲಿ ಕಂಪ್ಯೂಟರಿನ ಹೊಟ್ಟೆಯೊಳಗೆ ಕೂರಿಸುವ ಅಗ್ಗದ ಕಾರ್ಡುಗಳಿದ್ದವು. ಹೆಸರಿಗೆ ಮೋಡೆಮ್, ದುಡಿಮೆಯನ್ನೆಲ್ಲ ಕಂಪ್ಯೂಟರಿನ ತಲೆಗೇ ಕಟ್ಟುವಂಥವು. ನನ್ನ ಮುದುಕ ಯಂತ್ರಕ್ಕೋ ಅಕ್ಷರ ಮೂಡಿಸುವುದರಲ್ಲೇ ಏದುಸಿರು. ಅದಕ್ಕೆ ಬೇಕಾದದ್ದು ತನ್ನ ಕೆಲಸ ತಾನೇ ಮಾಡಿಕೊಳ್ಳುವ ಅಸಲಿ ಮೋಡೆಮ್. ಬಸ್ ನಿಲ್ದಾಣದ ಹಿಂದಿನ ರಿಪೇರಿ ಅಂಗಡಿಯವನು ಕಪಾಟಿನಿಂದ ಒಂದು ಕಪ್ಪು ಪೆಟ್ಟಿಗೆ ತೆಗೆದು ಊದಿದ. ಕೆಂಪು ಧೂಳು ಇಬ್ಬರ ಮುಖಕ್ಕೂ ಬಡಿಯಿತು.

“ಸಂಡೂರಿನ ಯಾವುದೋ ಆಫೀಸಿಂದು ಸರ್, ಫ್ಯಾಕ್ಸ್ ತಗೊಳ್ಳಾಕ ಇಟ್ಟಿದ್ರಂತ. ಭಾಳ ಗಟ್ಟಿ. ಕಂಪ್ಯೂಟರ್ ಸತ್ರೂ ಇದು ಬದುಕಿರ್ತೈತಿ.”

ಇದನ್ನು ನಾನು ಹೊಗಳಿಕೆ ಎಂದುಕೊಂಡೆ.

ನಮ್ಮ ಪಕ್ಕದ ಮನೆಯಾತ ಅದಿರಿನ ಲಾರಿ ಓಡಿಸುತ್ತಿದ್ದ. ಸಂಡೂರಿನಲ್ಲಿ ಲೋಡ್ ಮಾಡಿಕೊಂಡು ಘಟ್ಟ ಇಳಿದು ಬಂದರಿಗೆ ಹೋಗಬೇಕು. ಮುಟ್ಟಿದ ಸಂಜೆ ಅಲ್ಲಿನ ಫೋನ್ ಬೂತಿನಿಂದ ನಮ್ಮ ಮನೆಗೆ ಎರಡು ರಿಂಗ್ ಕೊಟ್ಟು ಇಟ್ಟುಬಿಡುತ್ತಿದ್ದ. ಯಾರೂ ಎತ್ತಬಾರದು, ಎರಡು ರಿಂಗ್ ಎಂದರೆ ಕ್ಷೇಮ. ಅವನ ಹೆಂಡತಿ ದೀಪ ಹಚ್ಚಿ ಬಂದು ನಮ್ಮ ಪಡಸಾಲೆಯಲ್ಲಿ ಕೂರುತ್ತಿದ್ದಳು. ಘಟ್ಟದಲ್ಲಿ ಲಾರಿಗಳು ಉರುಳುತ್ತಿದ್ದ ಕಾಲ. ರಿಂಗ್ ಆಗುವ ತನಕ ಆಕೆ ಅನ್ನ ಮುಟ್ಟುತ್ತಿರಲಿಲ್ಲ.

ಮೋಡೆಮ್ ತಂದ ದಿನ ಅದನ್ನು ಪಡಸಾಲೆಯ ಫೋನಿನ ತಂತಿಗೆ ಜೋಡಿಸಿ, ಪರೀಕ್ಷಿಸಿ, ಕಂಪ್ಯೂಟರ್ ಆರಿಸಿ, ಧೂಳು ಕೂರದಂತೆ ಎಲ್ಲಕ್ಕೂ ತೆಳು ಬಟ್ಟೆ ಹೊದಿಸಿದೆ. ಮೋಡೆಮ್ಮಿನ ಪ್ಲಗ್ ತೆಗೆಯಲಿಲ್ಲ. ಮುಸ್ಸಂಜೆಗೆ ಆಕೆ ಬಂದು ಕೂತಳು.

ಫೋನ್ ಒಮ್ಮೆ ಬಾಯಿ ತೆರೆಯಿತು. ಅರ್ಧ ರಿಂಗಿಗೇ ಕತ್ತು ಹಿಸುಕಿದಂತೆ ನಿಂತಿತು. ಬಟ್ಟೆಯಡಿಯಲ್ಲಿ ಕೆಂಪು ದೀಪಗಳು ಒಂದೊಂದಾಗಿ ಕಣ್ಣು ಬಿಟ್ಟವು. ಸಣ್ಣನೆಯ, ಉದ್ದನೆಯ ದನಿಯೊಂದು ಎದ್ದಿತು. ಮೊದಲು ಎಳೆದೆಳೆದು, ಆಮೇಲೆ ಗಂಟಲು ಕಟ್ಟಿದ ಹಾಗೆ. ಕಂಪ್ಯೂಟರ್ ಸತ್ತಂತೆ ಬಿದ್ದಿತ್ತು.

“ಅಣ್ಣಾರ, ಏನ್ರೀ ಅದು? ಯಾರು ಅಳಾಕತ್ತಾರ?”

ಆಕೆ ಎದ್ದು ಹೋಗಿ, ಪೆಟ್ಟಿಗೆಯ ಮೇಲೆ ಬಾಗಿ, ಪಿಸುಗುಟ್ಟಿದಳು: “ನಾ ಇನ್ನೂ ಉಂಡಿಲ್ರೀ.”

ದನಿ ನಿಂತಿತು. ದೀಪಗಳು ಆರಿದವು.

“ಅರ್ಧ ರಿಂಗ್ ಅಂದ್ರ ಅರ್ಧ ದಾರಿ ಏನ್ರೀ ಅಣ್ಣಾರ?” ಎಂದು ಕೇಳಿದಳು. ಬಹಳ ಹೊತ್ತು ಕಾದಳು. ಮತ್ತೆ ರಿಂಗ್ ಆಗಲಿಲ್ಲ. ಉಣ್ಣದೆಯೇ ಹೋದಳು.

ಮರುದಿನ ಮಧ್ಯಾಹ್ನ ಲಾರಿ ಲೋಡಿನ ಸಮೇತ ನಮ್ಮ ಬೀದಿಗೆ ಬಂತು. ಆತ ತನ್ನ ಮನೆಗೆ ಹೋಗದೆ ನಮ್ಮ ಬಾಗಿಲಿಗೆ ಬಂದು ನಿಂತ. ಹುಬ್ಬು, ರೆಪ್ಪೆ, ತುಟಿ ಎಲ್ಲ ಕೆಂಪು. ಕಣ್ಣು ಮಾತ್ರ ಮನುಷ್ಯರದು.

“ಯಾರು ಹೋದ್ರು ಅಣ್ಣಾರ?”

ಅಷ್ಟರಲ್ಲಿ ಹೆಂಡತಿ ಓಡಿ ಬಂದಳು. ಆಕೆಯನ್ನು ನೋಡಿದವನೇ ಮೆಟ್ಟಿಲ ಮೇಲೆ ಕುಸಿದು ಕೂತ. “ಎತ್ತಬಾರದ ಫೋನ್ ಎತ್ತಿದ್ರಿ. ಒಳಗ ಅಳು ಕೇಳ್ತು. ಇನ್ನೇನ್ ತಿಳೀಬೇಕ್ರೀ? ಲೋಡ್ ಇಳಿಸದ ತಿರುಗಿಸಿಕೊಂಡು ಬಂದೆ.”

ಪೆಟ್ಟಿಗೆಯನ್ನು ತಿರುವಿ ನೋಡಿದೆ. ಬೆನ್ನಿಗೆ ಪುಟ್ಟ ಸ್ವಿಚ್ಚುಗಳು. ಕಂಪ್ಯೂಟರ್ ಇರಲಿ ಬಿಡಲಿ, ಬಂದ ಕರೆಯನ್ನು ತಾನೇ ಎತ್ತುವಂತೆ ಸಂಡೂರಿನವರು ಇಟ್ಟುಬಿಟ್ಟಿದ್ದರು. ನಾನು ಕುಲ ವಿಚಾರಿಸಿದ್ದೆ, ಚಾಳಿ ವಿಚಾರಿಸಿರಲಿಲ್ಲ. ಸ್ವಿಚ್ ಸರಿಸಿ, ಪ್ಲಗ್ ಕಿತ್ತು, ನ್ಯಾಯಾಧೀಶನ ಧಾಟಿಯಲ್ಲಿ ತೀರ್ಪು ಕೊಟ್ಟೆ:

“ಬರೇ ಯಂತ್ರಪಾ ಇದು. ತಂತ್ಯಾಗ ಕೂಗ್ತೈತಿ, ಅಷ್ಟ. ಬಾಯಿ ಐತಿ, ಕಿವಿ ಇಲ್ಲ. ಮನ್ಯಾಗಿನ ಮಾತು ಇದಕ್ಕ ಕೇಳಂಗಿಲ್ಲ.”

ಆತ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದವನು ನಿಲ್ಲಿಸಿದ. “ಹಂಗಾದ್ರ ಕಡೀಕ ಒಬ್ಬ ಹೆಣ್ಮಗಳು, ಇನ್ನೂ ಉಂಡಿಲ್ಲ ಅಂದ್ಲಲ್ರೀ. ಅಕಿ ಯಾರು?”

ಆಕೆ ನನ್ನ ಮುಖ ನೋಡಿದಳು. ನಾನು ಪ್ಲಗ್ಗನ್ನು ನೋಡಿದೆ.

ಮುಂದಿನ ಟ್ರಿಪ್ಪುಗಳಲ್ಲಿ ರಿಂಗು ಎರಡೂ ಪೂರ್ತಿ ಆದವು. ರಿಂಗ್ ಮುಗಿದ ಮೇಲೆ ಆಕೆ ಎದ್ದು, ಪ್ಲಗ್ಗಿಲ್ಲದ ಪೆಟ್ಟಿಗೆಯ ಮೇಲೆ ಬಾಗಿ, “ಈಗ ಉಣ್ತೀನ್ರೀ” ಎಂದು ಹೇಳಿಯೇ ಮನೆಗೆ ಹೋಗುತ್ತಿದ್ದಳು. ವೈಜ್ಞಾನಿಕ ಮನೋಭಾವದವನಾದ ನಾನು ಆ ಹೊತ್ತಿಗೆ ಹಿತ್ತಲಿನಲ್ಲಿ ಏನಾದರೊಂದು ಕೆಲಸ ಹುಡುಕಿಕೊಳ್ಳುತ್ತಿದ್ದೆ.