ಯಮನ ದಿಕ್ಕಿನ ಸೋಲಾರ್

ಇದನ್ನು ಬರೆಯುವುದನ್ನು ಏಳು ವರ್ಷದಿಂದ ಮುಂದೂಡುತ್ತಾ ಬಂದಿದ್ದೇನೆ. ವಾರವಾರವೂ ಈ ಅಂಕಣದಲ್ಲಿ ನಿಮಗೆ ಬೀದಿನಾಯಿ, ಸಿಟಿ ಬಸ್ಸು, ಅವರೆಕಾಯಿ ಅಂತ ಏನೇನೋ ಹೇಳಿ ತಪ್ಪಿಸಿಕೊಂಡೆ. ಈ ವಾರ ಆಗುತ್ತಿಲ್ಲ. ಭಾನುವಾರದಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ತಾರಸಿ ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು.

ಕಾರಣ, ಪಕ್ಕದ ಮನೆಯ ಟೀಚರಮ್ಮ. "ಅಂಕಲ್, ನಾವೂ ಸೋಲಾರ್ ಹಾಕಿಸ್ತಿದೀವಿ. ಯಾವ ಕಡೆ ಮುಖ ಮಾಡಿಸ್ಲಿ?"

ಯಾವ ಕಡೆ! ನನ್ನನ್ನೇ ಕೇಳಬೇಕಿತ್ತೇ?

ಏಳು ವರ್ಷದ ಹಿಂದಿನ ಮಾತು. ನಮ್ಮ ಬನಶಂಕರಿಯಲ್ಲಿ ದಿನಾ ಸಂಜೆ ಕರೆಂಟ್ ಹೋಗುತ್ತಿದ್ದ ಕಾಲ. ನಾಲ್ಕು ದೀಪಕ್ಕಾಗುವಷ್ಟು ಸೋಲಾರ್ ಹಾಕಿಸಿದೆ. ಡೀಲರ್ ಕಳಿಸಿದ ಫಿಟ್ಟರ್ ಗದಗ ಕಡೆಯವನು. ಬಿಟಿಎಂನಲ್ಲಿ ಬಾಡಿಗೆ ರೂಮು, ಊರಲ್ಲಿ ಹೆಂಡತಿ, ಕೂಸು. ಪ್ಯಾನೆಲ್ಲನ್ನು ದಕ್ಷಿಣಕ್ಕೆ ಓರೆ ಮಾಡಿ ನಿಲ್ಲಿಸುತ್ತಿದ್ದ. ತಡೆದೆ.

"ಅದು ಯಮನ ದಿಕ್ಕಪ್ಪಾ. ಉತ್ತರಕ್ಕೆ ತಿರುಗಿಸು, ಕುಬೇರನ ಕಡೆ."

"ಸರ, ಥಂಡಿ ದಿನದಾಗ ಸೂರ್ಯಾ ದಕ್ಷಿಣಕ್ಕ ಸರೀತಾನ್ರಿ. ಅವಗ ಯಮಾ, ಕುಬೇರ ಗೊತ್ತಿಲ್ರಿ!"

"ಮನೆ ನಂದಯ್ಯಾ."

(ಎಸ್ಸೆಸ್ಸೆಲ್ಸಿ ಓದಿದ ನಾನು ಸೂರ್ಯನಿಗೇ ದಾರಿ ತೋರಿಸಿದೆ.)

ತಿರುಗಿಸಿದ. ಬೇಸಿಗೆಯಲ್ಲಿ ದೀಪಗಳು ಸಖತ್ತಾಗಿ ಉರಿದವು. ಡಿಸೆಂಬರ್ ಬಂತು, ಅರ್ಧ ಗಂಟೆಗೇ ಕಣ್ಣು ಮುಚ್ಚಿದವು. ಡೀಲರಿಗೆ ಫೋನ್ ಮಾಡಿ ಕೂಗಾಡಿದೆ. ಡೀಲರ್ ಫಿಟ್ಟರನ್ನೂ ಕರೆದುಕೊಂಡು ಬಂದ. ತಾರಸಿ ಹತ್ತಿದವನೇ ಕಿರುಚಿದ: "ಉತ್ತರಕ್ಕೆ ಇಟ್ಟಿದೀಯಲ್ಲೋ! ದಿಕ್ಕು ಗೊತ್ತಿಲ್ದೋನು ಸೋಲಾರ್ ಕೆಲಸಕ್ಕೆ ಯಾಕೋ ಬಂದೆ?"

ಫಿಟ್ಟರ್ ನನ್ನನ್ನು ನೋಡಿದ. ನೋಡಿದ, ಅಷ್ಟೇ. ನಾನು ಒಣಗಲು ಹಾಕಿದ್ದ ಸಂಡಿಗೆ ನೋಡಿದೆ. 'ನಾನೇ ಹೇಳಿದ್ದು' ಎಂಬ ಒಂದು ಮಾತು ಸಾಕಿತ್ತು. ಗಂಟಲಿಂದ ಹೊರಡಲಿಲ್ಲ.

"ನಾಳೆಯಿಂದ ಬರ್ಬೇಡ ನೀನು" ಅಂದ ಡೀಲರ್.

ಫಿಟ್ಟರ್ ಬೋಲ್ಟು ಸಡಿಲಿಸಿ, ಪ್ಯಾನೆಲ್ಲನ್ನು ದಕ್ಷಿಣಕ್ಕೆ ತಿರುಗಿಸಿ, ತನ್ನ ಹೆಗಲ ಟವೆಲ್ಲಿನಿಂದ ಗಾಜು ಒರೆಸಿದ. "ಈಗ ಛಲೋ ಆತ್ ನೋಡ್ರಿ ಸರ" ಎಂದು ಇಳಿದು ಹೋದ.

ಅಂದಿನಿಂದ ದೀಪ ಒಂದು ದಿನವೂ ಕೈಕೊಟ್ಟಿಲ್ಲ. ಯಮನೂ ಬರಲಿಲ್ಲ. ನಮ್ಮ ಸ್ಟಾಪಿನಿಂದ ಅವನ ರೂಮಿದ್ದ ಬಿಟಿಎಂಗೆ ಒಂದು ಬಸ್ಸಿನ ದಾರಿ. ಹತ್ತಿದೆನೇ?

ಭಾನುವಾರ ಟೀಚರಮ್ಮನಿಗೆ "ದಕ್ಷಿಣಕ್ಕೆ" ಅಂದೆ.

"ಯಮನ ದಿಕ್ಕಲ್ವಾ ಅಂಕಲ್? ಯಾರು ಹೇಳಿದ್ರು ನಿಮ್ಗೆ?"

"ಎಲ್ಲೋ ಓದಿದ್ದೆ ಕಣಮ್ಮ" ಅಂದುಬಿಟ್ಟೆ. ಏಳು ವರ್ಷದ ಮೇಲೂ ಅದೇ ಗಂಟಲು!

ಓದಿದ್ದಲ್ಲ, ಟೀಚರಮ್ಮಾ. ಹೇಳಿದವನು ಗದಗ ಕಡೆಯ ಈರಣ್ಣ.