ಕೋವಿಯ ಮರ ಯಾರ ಮನೆಯದು?

ಮೊನ್ನೆ ಬಂಟ್ವಾಳದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದ ಬಡಗಿಯ ಅಂಗಡಿಯಿಂದ ಆಗಷ್ಟೇ ಉಜ್ಜಿದ ಹಲಸಿನ ಮರದ ವಾಸನೆ ಬಂತು. ಒಳಗೆ ನುಗ್ಗಿ ಒಂದು ಮುಷ್ಟಿ ಹಳದಿ ಹೊಟ್ಟು ಎತ್ತಿ ಮೂಸಿದೆ. ಈ ಮುದುಕಿಗೆ ಏನಾಯಿತೆಂದು ಬಡಗಿ ನೋಡುತ್ತಲೇ ಇದ್ದ. ನನಗೆ ಆಚೆಮನೆಯ ಅಕ್ಕ ನೆನಪಾಗಿದ್ದರು...

ಅರವತ್ತರ ದಶಕದಲ್ಲಿ ಮದುವೆಯಾಗಿ ಸಿದ್ಧಕಟ್ಟೆಗೆ ಬಂದ ನನ್ನನ್ನು ಮೊದಲು ಮಾತಾಡಿಸಿದವರು ಅವರು. ದೊಡ್ಡ ದನಿ, ಅದಕ್ಕಿಂತ ದೊಡ್ಡ ನಗು. ಅವರ ಗಂಡನಿಗೆ ಬೇಟೆಯ ಹುಚ್ಚು. ಆತ ತೀರಿಕೊಂಡು ಉತ್ತರಕ್ರಿಯೆ ಮುಗಿಯುತ್ತಲೇ ವಾಮದಪದವಿನಿಂದ ಆತನ ಸೋದರಳಿಯ ರೈಫಲ್ ಕೊಂಡೊಯ್ಯಲು ಬಂದ. ನಾನೂ ಅಲ್ಲೇ ಕುಳಿತಿದ್ದೆ. ಅಳಿಯಸಂತಾನದ ಮನೆತನ, ಮಾವನದ್ದು ಅಳಿಯನಿಗೆ, ಹೆಂಡತಿಗಲ್ಲ. ಕಾನೂನು ಬದಲಾಗಿದೆ ಎನ್ನುತ್ತಿದ್ದರು, ಅದಿನ್ನೂ ನಮ್ಮೂರು ಮುಟ್ಟಿರಲಿಲ್ಲ.

"ಕಬ್ಬಿಣದ ನಳಿಗೆ ತಗೊಂಡು ಹೋಗು ಮಗಾ," ಎಂದರು ಅಕ್ಕ. "ಹೆಗಲಿಗೆ ಒತ್ತುವ ಈ ಮರ ನನ್ನ ಅಪ್ಪನ ಮನೆಯದ್ದು. ಅದು ಇಲ್ಲೇ ಇರ್ತದೆ."

"ಎಂತ ಮಾಮಿ ನೀವು! ಇದು ವಿಲಾಯತಿ ಮರ. ಅಜ್ಜನ ಕಾಲದಿಂದ ಹೀಗೇ ಉಂಟು."

ಆಗ ಅಕ್ಕ ಗುಟ್ಟು ಬಿಚ್ಚಿದರು. ಮದುವೆಯ ಮರುವರ್ಷ ಗಂಡ ಹಂದಿಯ ಹಿಂದೆ ಓಡಿ, ಬಂಡೆಯಿಂದ ಜಾರಿ, ಕೋವಿಯ ಮರ ಎರಡು ತುಂಡಾಗಿತ್ತಂತೆ. ಹಿರಿಯರು ಬೈಯುತ್ತಾರೆಂದು ಹೆದರಿ ಹೆಂಡತಿಯ ಅಪ್ಪನಿಗೆ ಒಪ್ಪಿಸಿದರು. ಅವರು ತಮ್ಮ ಅಂಗಳದ ಹಲಸಿನಿಂದ ಹೊಸದು ಕೆತ್ತಿ, ಮಸಿ, ಎಣ್ಣೆ ಉಜ್ಜಿ, ವಿಲಾಯತಿ ಬಣ್ಣ ಬರಿಸಿದರು. ಸೋದರಳಿಯ ನಂಬಲಿಲ್ಲ. ನಂಬುವುದಾದರೂ ಹೇಗೆ? ಮರ ಕಾಫಿಯ ಕಷಾಯದಷ್ಟು ಕಪ್ಪು.

ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಮನೆಗೆ ಓಡಿ ಹೊಲಿಗೆ ಮಿಷನ್ನಿನ ಸ್ಕ್ರೂಡ್ರೈವರ್ ತಂದು, ಒಳಗೆ ಮಸಿ ತಾಗಿರಲಿಕ್ಕಿಲ್ಲವೆಂದು ಮರದ ಹಿಂಬದಿಗೆ ಹೊದಿಸಿದ್ದ ಕಬ್ಬಿಣದ ಪಟ್ಟಿ ಬಿಚ್ಚಿದೆ. ಅಯ್ಯೋ, ಒಳಗೂ ಕಪ್ಪೇ!

"ಹಲಸು ಹಳತಾದರೆ ಕಪ್ಪಾಗದೆ ಇರ್ತದಾ?" ಎಂದರು ಅಕ್ಕ. "ಕೆರೆದು ನೋಡು."

ಅಳಿಯನೇ ಚೂರಿಯಿಂದ ಕೆರೆದ. ಹಳದಿ! ಹಲಸಾದರೆ ನೀರಿಗೆ ಬಣ್ಣ ಬಿಡ್ತದೆ ಎನ್ನುತ್ತಾ ಆ ಚೂರುಗಳನ್ನು ಅಕ್ಕ ಬಿಸಿನೀರಿಗೆ ಹಾಕಿದರು. ಮೂವರೂ ಲೋಟಕ್ಕೆ ತಲೆ ಬಗ್ಗಿಸಿ ಉಸಿರು ಬಿಗಿಹಿಡಿದೆವು. ನೀರು ನಿಧಾನವಾಗಿ ಅರಿಶಿನದ ಬಣ್ಣಕ್ಕೆ ತಿರುಗಿತು. ನಾನು ಚಪ್ಪಾಳೆಯನ್ನೇ ತಟ್ಟಿಬಿಟ್ಟೆ, ಸಾವಿನ ಮನೆ ಎನ್ನುವುದೂ ಮರೆತು.

"ಹಲಸೇ, ಒಪ್ಪಿದೆ," ಎಂದ ಅಳಿಯ. "ಆದರೆ ನಮ್ಮಲ್ಲಿಯೂ ಹಲಸುಂಟಲ್ಲ? ಅಜ್ಜನೇ ಮಾಡಿಸಿದ್ದರೆ?"

ಅಕ್ಕ ಮರದ ಬಲ ಮಗ್ಗುಲನ್ನು ಅವನತ್ತ ತಿರುಗಿಸಿದರು. ಗುರಿಯಿಡುವಾಗ ಕೆನ್ನೆ ಒರಗಲೆಂದು ಕೆತ್ತಿದ ತಗ್ಗು ಅಲ್ಲಿತ್ತು. ಎಡಗೈಯವರಿಗೆ ಮಾತ್ರ ಆ ಕಡೆ ಬೇಕು. ಆ ಮನೆತನದಲ್ಲಿ ಎಡಚರೆಂದರೆ ಅಕ್ಕನ ಗಂಡ ಒಬ್ಬರೇ.

ಅಳಿಯ ಹಣೆ ಹಣೆ ಚಚ್ಚಿಕೊಂಡು ನಕ್ಕ. "ಮಾವ ನಮಗೆಲ್ಲ ಟೊಪ್ಪಿ ಹಾಕಿದ್ದಾರೆ ಮಾರಾಯ್ರೆ!" ತಾನೇ ನಳಿಗೆ ಬಿಚ್ಚಿ, ಮರವನ್ನು ಅಕ್ಕನ ಕೈಗಿಟ್ಟ. "ಬರೀ ಮರ ಇಟ್ಟುಕೊಂಡು ಎಂತ ಮಾಡ್ತೀರಿ ಮಾಮಿ?"

"ಅವರು ಕೆನ್ನೆ ಇಟ್ಟ ಜಾಗ ಮಗಾ ಇದು," ಎಂದು ಅಕ್ಕ ಆ ತಗ್ಗಿಗೆ ತನ್ನ ಕೆನ್ನೆ ಒತ್ತಿದರು. ಗಂಡ ಸತ್ತ ದಿನವೂ ಅಳದವರು ಆಗ ಅತ್ತರು.

ಅಕ್ಕ ಹೋಗಿ ಎಷ್ಟೋ ಕಾಲವಾಯಿತು. ಆಗ ನಾನು ಊರಲ್ಲಿರಲಿಲ್ಲ. ಆ ಮರವನ್ನೂ ಚಿತೆಯಲ್ಲಿ ಅವರ ಕೆನ್ನೆಯ ಪಕ್ಕವೇ ಇಟ್ಟೆವೆಂದು ಅವರ ಮಗಳು ಆಮೇಲೆ ಹೇಳಿದಳು. ಒಳ್ಳೆಯದಾಯಿತು ಎಂದೆ. ಬಾಯಲ್ಲಿ ಹಾಗೆಂದೆ, ಅಷ್ಟೇ... ನನಗೂ ಅದನ್ನು ಇನ್ನೊಮ್ಮೆ ಮುಟ್ಟಬೇಕಿತ್ತು.