ಹತ್ತೊಂಬತ್ತು ಸೆಕೆಂಡು

ಹೆರಿಗೆ ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಇತ್ತು. ಉಳಿದಂತೆ ಎಲ್ಲರಿಗೂ ಅವಳು ಸೆಕೆಂಡಕ್ಕ. ಲಿಫ್ಟು ಮೂರನೇ ಮಹಡಿಯಿಂದ ಕೆಳಗೆ ಬರಲು ಎಷ್ಟು ಸೆಕೆಂಡು, ಮೇಲ್ವಿಚಾರಕನ ಬೂಟಿನ ಸದ್ದು ಮೆಟ್ಟಿಲ ಮೇಲೆ ಕೇಳಿದ ಎಷ್ಟು ಸೆಕೆಂಡಿಗೆ ಅವನ ಹೊಟ್ಟೆ ಬಾಗಿಲಲ್ಲಿ ಕಾಣಿಸುತ್ತದೆ, ಎಲ್ಲವೂ ಅವಳ ನಾಲಿಗೆಯ ತುದಿಯಲ್ಲಿರುತ್ತಿತ್ತು. ಈ ರೋಗ ಅವಳಿಗೆ ಅಂಟಿದ್ದು ಸೈಕಲ್ ಓಟದಿಂದ.

ಒಗೆಯುವ ಹೆಂಗಸರಿಗೂ ಸೈಕಲ್ ಓಟಕ್ಕೂ ಏನು ನಂಟು ಎಂದು ಕೇಳಬಹುದು. ನಂಟು ಕಟ್ಟಿದ್ದು ಒಂದು ಕೆಟ್ಟ ಟೀವಿ. ಯಾವುದೋ ವಾರ್ಡಿನವರು ಬಿಸಾಕಿದ್ದನ್ನು ಬಾಯ್ಲರ್ ನೋಡಿಕೊಳ್ಳುವ ಮುದುಕ ಹೊತ್ತು ತಂದು ಲಾಂಡ್ರಿಯ ಪಕ್ಕದ ಚಹಾ ಕೋಣೆಯಲ್ಲಿ ನೇತುಹಾಕಿದ್ದ. ಅವನಿಗೆ ಎಲ್ಲರೂ ಬಾಯ್ಲರ್ ಮಾವ ಎನ್ನುತ್ತಿದ್ದರು. ರಿಮೋಟು ಕಳೆದುಹೋಗಿತ್ತು, ಗುಂಡಿಗಳು ಒಳಕ್ಕೆ ಕುಸಿದಿದ್ದವು, ಆಟೋಟದ ಒಂದೇ ಒಂದು ಚಾನೆಲ್ ಬರುತ್ತಿತ್ತು. ವರ್ಷದ ಬಹುಪಾಲು ಅದರಲ್ಲಿ ಕೋಟು ತೊಟ್ಟ ಗಂಡಸರು ಮೇಜಿನ ಮೇಲಿನ ಚೆಂಡುಗಳನ್ನು ಕೋಲಿನಿಂದ ತಿವಿದು ಆಮೇಲೆ ಬಹಳ ಹೊತ್ತು ಯೋಚಿಸುತ್ತಿದ್ದರು. ಬೇಸಿಗೆಯಲ್ಲಿ ಮೂರು ವಾರ ಮಾತ್ರ ಓಟ. ಕಾಲು ಚಾಚಿ ಕೂರಲು ಬಂದ ಹೆಂಗಸರು ಮೊದಲ ವರ್ಷ ಬೆಟ್ಟಗಳನ್ನು ನೋಡಿದರು, ಎರಡನೇ ವರ್ಷ ಸವಾರರನ್ನು ನೋಡಿದರು, ಮೂರನೇ ವರ್ಷಕ್ಕೆ ಒಬ್ಬರನ್ನೊಬ್ಬರು ಬೈಯುವಷ್ಟು ಪಂಡಿತರಾದರು.

ಇಪ್ಪತ್ತೊಂದು ದಿನದ ಓಟ ಅದು. ದಿನಕ್ಕೊಂದು ಹಂತ. ಎಲ್ಲ ದಿನಗಳ ಹೊತ್ತನ್ನು ಕೂಡಿದಾಗ ಯಾರದು ಕಡಿಮೆಯೋ ಅವನು ಮುಂದಾಳು, ಅವನ ಮೈಮೇಲೆ ಕಿತ್ತಳೆ ಬಣ್ಣದ ಅಂಗಿ. ಮುಂದೆ ಹೋಗುವವನು ಗಾಳಿಯನ್ನು ಸೀಳಬೇಕು, ಹಿಂದೆ ಅಂಟಿಕೊಂಡವನಿಗೆ ಅರ್ಧ ಶ್ರಮ. ಹಾಗಾಗಿ ಪ್ರತಿ ತಂಡದಲ್ಲೂ ಒಬ್ಬ ಯಜಮಾನ, ಅವನಿಗೆ ಗಾಳಿ ತಾಗದಂತೆ ಮುಂದೆ ಸವೆಯುವ ಏಳೆಂಟು ಆಳುಗಳು. ಕೊನೆಗೆ ಹೂಗುಚ್ಛ ಮಾತ್ರ ಯಜಮಾನನಿಗೆ. "ನಮ್ಮ ಆಸ್ಪತ್ರೆ ಹಾಗೇ" ಎಂದು ಸೆಕೆಂಡಕ್ಕನ ನಾದಿನಿ ಒಮ್ಮೆ ಹೇಳಿದ್ದು ಲಾಂಡ್ರಿಯಲ್ಲಿ ಗಾದೆಯಾಗಿಬಿಟ್ಟಿತ್ತು.

ನಾದಿನಿ ಎಂದರೆ ಗಂಡನ ತಂಗಿ. ಮದುವೆಯ ಗೊಡವೆಗೆ ಹೋಗದವಳು, ಎರಡು ಬೀದಿ ಆಚೆ ಒಂದು ಕೋಣೆಯಲ್ಲಿ ತನ್ನಷ್ಟಕ್ಕೆ ಇದ್ದವಳು. ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿ ಹದಿನಾರು ವರ್ಷದಿಂದ ದೊಡ್ಡ ಇಸ್ತ್ರಿ ರೋಲರಿನ ಬಾಯಿಗೆ ಬೆಡ್‌ಶೀಟು ಉಣಿಸುತ್ತಿದ್ದರು. ಒದ್ದೆ ಶೀಟಿನ ಒಂದು ಮೂಲೆ ಇವಳ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ. ಇಬ್ಬರೂ ಒಂದೇ ಹೊತ್ತಿಗೆ ಬಿಡಬೇಕು. ಎತ್ತು ಏರಿಗೆಳೆದು ಕೋಣ ನೀರಿಗೆಳೆದರೆ ಶೀಟು ಸೊಟ್ಟಗೆ ಹೋಗಿ ಸಿಕ್ಕಿಕೊಳ್ಳುತ್ತದೆ, ಅದನ್ನು ಬಿಡಿಸಲು ಹೋದರೆ ಬೆರಳು ಬೇಯುತ್ತದೆ. ಹದಿನಾರು ವರ್ಷದಲ್ಲಿ ಇವರ ಕೈಯಲ್ಲಿ ಶೀಟು ಸಿಕ್ಕಿಕೊಂಡದ್ದು ಎರಡೇ ಸಲ.

ಕೈ ಒಂದಾದರೂ ಬಾಯಿ ಒಂದಾಗಿರಲಿಲ್ಲ. ಅದಕ್ಕೆ ಕಾರಣ ಒಂಬತ್ತು ವರ್ಷದ ಹಿಂದಿನ ಒಂದು ಮಧ್ಯಾಹ್ನ. ಕಿತ್ತಳೆ ಅಂಗಿ ಆಗ ಒಬ್ಬ ಉದ್ದ ಕಾಲಿನವನ ಮೈಮೇಲಿತ್ತು. ಹೆಂಗಸರು ಅವನಿಗೆ ಕೊಕ್ಕರೆ ಎಂದು ಹೆಸರಿಟ್ಟಿದ್ದರು. ಅವನ ಬೆನ್ನಿಗೆ ಬಿದ್ದವನು ಗಿಡ್ಡ. ಕೊನೆಯ ಏರಿನಲ್ಲಿ ಕೊಕ್ಕರೆಯ ಚಕ್ರ ಪಂಕ್ಚರ್ ಆಯಿತು. ಮುಂದಾಳಿನ ಚಕ್ರ ಕೈಕೊಟ್ಟಾಗ ಉಳಿದವರು ನಿಧಾನಿಸಿ ಕಾಯಬೇಕು ಎಂಬುದು ಆ ಓಟದಲ್ಲಿ ಎಲ್ಲೂ ಬರೆದಿರದ ಕಟ್ಟಳೆ. ಗಿಡ್ಡ ಕಾಯಲಿಲ್ಲ. ತಲೆ ಬಗ್ಗಿಸಿ ತುಳಿದ. ಕೊನೆಗೆ ಇಪ್ಪತ್ತೊಂದು ದಿನದ ಓಟವನ್ನು ಹತ್ತೊಂಬತ್ತು ಸೆಕೆಂಡಿನ ಅಂತರದಲ್ಲಿ ಗೆದ್ದ.

ಅಂದಿನಿಂದ ಚಹಾ ಕೋಣೆ ಎರಡು ಪಾಲು.

"ಚಕ್ರ ಕೆಟ್ಟು ನಿಂತವನನ್ನ ದಾಟಿ ಗೆಲ್ಲೋದೂ ಒಂದು ಗೆಲುವಾ? ಕಾಯ್ಬೇಕಿತ್ತು!" ಎಂದು ಸೆಕೆಂಡಕ್ಕ ಮೇಜು ಗುದ್ದುತ್ತಿದ್ದಳು.

"ಓಟ ಅಂದ್ರೆ ಓಟ ಅತ್ತಿಗೆ. ಚಕ್ರ ನೋಡ್ಕೊಳ್ಳೋದೂ ಅದರಲ್ಲೇ ಸೇರಿದ್ದು. ಕಾಯೋದಾದ್ರೆ ಬಸ್‌ಸ್ಟ್ಯಾಂಡಿಗೆ ಹೋಗ್ಲಿ" ಎಂದು ನಾದಿನಿ ನಗುತ್ತಿದ್ದಳು.

ಕೊಕ್ಕರೆಯೂ ಗಿಡ್ಡನೂ ಸೈಕಲ್ ಬಿಟ್ಟು ಎಷ್ಟೋ ವರ್ಷವಾಗಿ, ಬಹುಶಃ ಅವರಿಗೇ ಮರೆತುಹೋಗಿದ್ದ ಜಗಳ ಈ ನೆಲಮಾಳಿಗೆಯಲ್ಲಿ ಹಸಿಯಾಗಿಯೇ ಇತ್ತು. ಈ ವಿಷಯದಲ್ಲಿ ಸೆಕೆಂಡಕ್ಕನಿಗೆ ತನ್ನ ಬಗ್ಗೆ ಸ್ವಲ್ಪ ಹೆಮ್ಮೆಯೂ ಇತ್ತು. ನಾದಿನಿ ಜಾಣೆ, ಚುರುಕು, ಡಾಕ್ಟರುಗಳ ಕೋಳಿಕಾಲಿನ ಅಕ್ಷರವನ್ನೂ ಓದುವವಳು. ಆದರೆ ನ್ಯಾಯ ತನ್ನ ಕಡೆ ಎಂದು ಸೆಕೆಂಡಕ್ಕ ಒಳಗೊಳಗೇ ಅಂದುಕೊಂಡಿದ್ದಳು.

ಈ ವರ್ಷ ಓಟ ಶುರುವಾಗುವ ಮುಂಚೆ ಲಾಂಡ್ರಿಯ ಗೋಡೆಗೆ ನೋಟೀಸು ಬಿತ್ತು. ಬಟ್ಟೆ ಇನ್ನು ಮುಂದೆ ಹೊರಗಿನ ಕಾರ್ಖಾನೆಗೆ ಹೋಗುತ್ತದೆ. ತಿಂಗಳ ಕೊನೆಗೆ ನೆಲಮಾಳಿಗೆ ಬಂದ್. ಮೂರನೇ ಮಹಡಿಯ ಬಟ್ಟೆ ಕೋಣೆಗೆ ಮಾತ್ರ ಒಬ್ಬಳು ಬೇಕು, ಅದೂ ಹದಿನೈದು ವರ್ಷದ ಸೇವೆ ಮೀರಿದವಳು. ಹಾಗೆ ಮೀರಿದವರು ಇಬ್ಬರೇ.

ಯಾರಿಗೆ ಸಿಗುತ್ತದೆ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಯಾವ ವಾರ್ಡಿಗೆ ಎಷ್ಟು ಶೀಟು, ಯಾವ ಮಗುವಿಗೆ ಯಾವ ಅಳತೆಯ ಬಟ್ಟೆ, ಎಲ್ಲ ನಾದಿನಿಯ ತಲೆಯಲ್ಲಿತ್ತು. ಸೆಕೆಂಡಕ್ಕನಿಗೆ ಐವತ್ತೊಂದು ವರ್ಷ. ಸಾಮಾನಿನ ವ್ಯಾನು ಓಡಿಸುತ್ತಿದ್ದ ಗಂಡ ಎರಡೂ ಮಂಡಿ ಹಾಳುಮಾಡಿಕೊಂಡು ಮನೆಯಲ್ಲಿ ಕೂತಿದ್ದ. ಬೇರೆ ಕಡೆ ಯಾರೂ ಅವಳನ್ನು ಕರೆದು ಕೆಲಸ ಕೊಡುವ ಹಾಗಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು, ಗೊತ್ತಿದ್ದು ನಿದ್ದೆ ಕೆಡುತ್ತಿತ್ತು.

"ಇಬ್ಬರೂ ಒಟ್ಟಿಗೇ ಆಫೀಸಿಗೆ ಹೋಗೋಣ. ಯಾರಿಗೆ ಕೊಡ್ತಾರೋ ಕೊಡ್ಲಿ. ಮುಖ ದಪ್ಪ ಮಾಡ್ಕೊಳ್ಳೋದು ಬೇಡ" ಎಂದು ನಾದಿನಿ ಹೇಳಿದಳು. ಸೆಕೆಂಡಕ್ಕ ಒಪ್ಪಿದಳು.

ಓಟದ ಎಂಟನೇ ಹಂತದ ದಿನ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಅತ್ತೆ ಇದ್ದದ್ದು ಸೆಕೆಂಡಕ್ಕನ ಮನೆಯಲ್ಲಿ. ಮೂಳೆ ಕೂಡಿಸುವ ಆಸ್ಪತ್ರೆ ಊರಿನ ಆ ತುದಿಯಲ್ಲಿ. ಹಗಲೂ ರಾತ್ರಿ ಹಾಸಿಗೆಯ ಪಕ್ಕ ಒಬ್ಬರು ಇರಲೇಬೇಕು. ಮಗನಿಗೆ ಮಂಡಿ ಮಡಿಚಲು ಬಾರದು. ಸೊಸೆ ರಜಾ ಹಾಕಬೇಕಿತ್ತು.

"ನಾನಿರ್ತೀನಿ ಬಿಡಿ. ನಿಮ್ಮನೇಲಿ ದುಡಿಯೋರು ನೀವೊಬ್ರೇ. ನನಗೇನು, ಒಂಟಿ ಜೀವ. ಹತ್ತು ದಿನ ತಾನೆ" ಎಂದು ನಾದಿನಿ ತಲೆದಿಂಬು, ಒಂದು ಸೀರೆ, ಒಂದು ಲೋಟ ಚೀಲಕ್ಕೆ ತುಂಬಿಕೊಂಡು ಹೊರಟೇಬಿಟ್ಟಳು. ಅಂಥ ಹೆಂಗಸು ಅವಳು.

ಆರನೇ ದಿನ, ಗುರುವಾರ, ಮೇಲಿನಿಂದ ಕರೆ ಬಂತು. ಆಫೀಸಿನಲ್ಲಿ ಕಾಗದ ನೋಡುವ ಹೆಂಗಸಿಗೆ ನೆಗಡಿಯಾಗಿತ್ತು. ಮೂಗು ಒರೆಸಿಕೊಳ್ಳುತ್ತಲೇ ಕೇಳಿದಳು.

"ನಾಳೆ ಪಟ್ಟಿ ಕಳಿಸ್ಬೇಕು. ಇನ್ನೊಬ್ರು ಎಲ್ಲಿ? ಅವರಿಗೂ ಕೆಲಸ ಬೇಕಾದ್ರೆ ಸೋಮವಾರದವರೆಗೂ ತಡೀಬಹುದು. ನೀವು ಹೇಳಿ."

ಬೇಕು ಎಂದರೆ ಸಾಕಿತ್ತು. ಎರಡಕ್ಷರ. ಸೆಕೆಂಡಕ್ಕ ಮೇಜಿನ ಮೇಲಿದ್ದ ಪೆನ್ನನ್ನು ನೋಡಿದಳು. ಗಂಡನ ಮಂಡಿ, ಮನೆಯ ಖಾಲಿ ಡಬ್ಬಿಗಳು, ಬೇರೆ ಕೆಲಸಕ್ಕಾಗಿ ಯಾರದೋ ಮುಂದೆ ಕೈಕಟ್ಟಿ ನಿಲ್ಲುವ ತಾನು, ಒಂದರ ಹಿಂದೊಂದು ಕಣ್ಣ ಮುಂದೆ ಬಂದವು.

"ಅವಳ ತಾಯಿಗೆ ಹುಷಾರಿಲ್ಲ. ಕೆಲಸ ಬಿಡೋ ಯೋಚನೇಲಿದ್ದಾಳೆ ಅನ್ಸುತ್ತೆ" ಎಂದಳು.

ಅವಳ ತಾಯಿ ಎಂದಳು. ನನ್ನ ಅತ್ತೆ ಎನ್ನಲಿಲ್ಲ. ಮೆಟ್ಟಿಲಿಳಿಯುವಾಗ ಅವಳಿಗೆ ಚುಚ್ಚಿದ್ದು ಸುಳ್ಳಿಗಿಂತ ಅದೇ. ಸಹಿ ಹಾಕಿಯಾಗಿತ್ತು.

ಸಂಜೆ ನಾದಿನಿ ಫೋನು ಮಾಡಿದಳು. ಅಮ್ಮ ಇವತ್ತು ಎರಡು ಹೆಜ್ಜೆ ಇಟ್ಟಳು, ದಪ್ಪ ಹೊದಿಕೆ ಕಳಿಸಿ, ಇಲ್ಲಿ ಟೀವಿ ಇಲ್ಲ, ಓಟದಲ್ಲಿ ಅಂತರ ಎಷ್ಟು ಎಂದು ಒಂದೇ ಉಸಿರಿನಲ್ಲಿ ಕೇಳಿದಳು.

"ಕಿತ್ತಳೆ ಅಂಗಿ ಮೀಸೆಯವನ ಮೈಮೇಲೇ ಇದೆ. ಕೆಂಚ ನಲವತ್ತೆರಡು ಸೆಕೆಂಡು ಹಿಂದೆ."

"ಆಫೀಸಿನಿಂದ ಏನಾದ್ರೂ ಕರೆ ಬಂತಾ?"

"ಏನಿಲ್ಲ" ಎಂದಳು ಸೆಕೆಂಡಕ್ಕ.

ಗಂಡನಿಗೆ ಹೇಳಿದಾಗ ಅವನ ಮುಖ ಅರಳಿತು. ಮರುಗಳಿಗೆಯೇ "ತಂಗಿಗೆ ಹೇಳಿದ್ಯಾ?" ಎಂದ. ಹೇಳ್ತೀನಿ ಎಂದಳು. ಅವನು ಗೋಡೆಯ ಕಡೆ ತಿರುಗಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳತೊಡಗಿದ. ಶುಕ್ರವಾರ, ಶನಿವಾರ, ಭಾನುವಾರ ಕಳೆದವು. ಹೇಳಬೇಕಾದ ಮಾತು ಬಾಯಲ್ಲಿ ಬಿಸಿ ತುಪ್ಪವಾಗಿ ಕೂತಿತ್ತು. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಭಾನುವಾರ ಸಂಜೆ ನಾದಿನಿ ಅತ್ತೆಯನ್ನು ಆಸ್ಪತ್ರೆಯಿಂದ ಬಿಡಿಸಿಕೊಂಡು, ಅಣ್ಣನ ಮನೆಗೆ ಮೆಟ್ಟಿಲು ಹೆಚ್ಚು ಎಂದು ಸದ್ಯಕ್ಕೆ ತನ್ನ ಕೋಣೆಗೇ ಕರೆದೊಯ್ದಳು.

ಸೋಮವಾರ ಬೆಳಿಗ್ಗೆ ಅವಳು ಕೆಲಸಕ್ಕೆ ಬಂದಳು. ಹಾಜರಿ ಹಾಕುವ ಕಿಟಕಿಯ ಪಕ್ಕದಲ್ಲೇ ಬಟ್ಟೆ ಕೋಣೆಗೆ ಆರಿಸಿದವಳ ಹೆಸರಿನ ಪಟ್ಟಿ ಅಂಟಿಸಿತ್ತು. ಬೇರೆ ಹೆಂಗಸರು ಅದನ್ನು ಅಂಟಿಸುವ ಮುಂಚೆಯೇ ಹಾಜರಿ ಹಾಕಿ ಒಳಗೆ ಬಂದಿದ್ದರಿಂದ ನೋಡಿರಲಿಲ್ಲ. ನಾದಿನಿ ಅದರ ಮುಂದೆ ನಿಂತದ್ದನ್ನು ಸೆಕೆಂಡಕ್ಕ ರೋಲರಿನ ಬಳಿಯಿಂದ ನೋಡಿದಳು. ಎಷ್ಟು ಹೊತ್ತು ಎಂದು ಎಣಿಸಲಿಲ್ಲ. ಆಮೇಲೆ ನಾದಿನಿ ಬಂದಳು, ಸೆರಗು ಸಿಕ್ಕಿಸಿಕೊಂಡಳು, ಶೀಟಿನ ತನ್ನ ಮೂಲೆ ಹಿಡಿದಳು. ಬೆಳಿಗ್ಗೆಯಿಂದ ಮೂರರವರೆಗೆ ಇನ್ನೂರು ಶೀಟು ಹೋದವು. ಒಂದೂ ಸೊಟ್ಟಗಾಗಲಿಲ್ಲ, ಒಂದು ಮಾತೂ ಹುಟ್ಟಲಿಲ್ಲ. ಬೈದಿದ್ದರೆ ಸೆಕೆಂಡಕ್ಕನಿಗೆ ಎಷ್ಟೋ ಹಗುರವಾಗುತ್ತಿತ್ತು.

ಮೂರಕ್ಕೆ ಚಹಾ. ಅಂದು ಓಟದ ಕೊನೆಯ ಬೆಟ್ಟ. ಕೋಣೆ ತುಂಬಿತ್ತು.

"ಇವತ್ತು ಕೆಂಚ ಬಿಡಲ್ಲ, ನೋಡ್ತಿರಿ. ತನ್ನ ಇಬ್ಬರು ಆಳುಗಳನ್ನ ಬೆಳಿಗ್ಗೇನೇ ಮುಂದೆ ಓಡಿಸಿದ್ದಾನೆ. ಅವರು ಮೇಲೆ ಕಾದಿರ್ತಾರೆ. ಇವನು ಒಂಟಿಯಾಗಿ ಬಂದಾಗ ಗಾಳಿಗೆ ಅಡ್ಡ ನಿಲ್ತಾರೆ. ಅಂತರ ಇನ್ನೂ ಅದೇ ನಲವತ್ತೆರಡು ಸೆಕೆಂಡು, ಏನ್ಮಹಾ!" ಎಂದ ಬಾಯ್ಲರ್ ಮಾವ.

"ಮೀಸೆ ಅಷ್ಟು ಸುಲಭಕ್ಕೆ ಬಗ್ಗಲ್ಲ ಮಾವ" ಎಂದಳು ಬಟ್ಟೆ ಮಡಿಚುವ ಹುಡುಗಿ.

"ಬಗ್ಗದೆ ಏನು? ಅವನ ಆಳುಗಳು ನಿನ್ನೆಯೇ ನಾಲಿಗೆ ಹೊರಗೆ ಹಾಕಿದ್ರು. ಇವತ್ತು ಸುತ್ತ ಒಬ್ಬನೂ ಇಲ್ಲ."

ಮಾವ ಹೇಳಿದ ಹಾಗೇ ಆಯಿತು. ಏರಿನ ನಡುವೆ ಉಳಿದವರೆಲ್ಲ ಉದುರಿ ಮೀಸೆ ಮತ್ತು ಕೆಂಚ ಇಬ್ಬರೇ ಉಳಿದರು. ಆಗ ಮೀಸೆಯವನ ಹಿಂದಿನ ಚಕ್ರ ಕುಸಿಯಿತು. ಅವನು ಕೈ ಎತ್ತಿದ. ಅವನ ತಂಡದ ಕಾರು ಎಲ್ಲೋ ಹಿಂದೆ ಇತ್ತು.

ಎಲ್ಲರೂ ತಿರುಗಿ ಸೆಕೆಂಡಕ್ಕನ ಕಡೆ ನೋಡಿದರು, ಒಂಬತ್ತು ವರ್ಷದ ಅಭ್ಯಾಸ. ಕಾಯ್ಬೇಕು ಎಂದು ಅವಳು ಮೇಜು ಗುದ್ದಬೇಕು. ಅವಳ ಕೈ ಮಡಿಲಲ್ಲೇ ಬಿದ್ದಿತ್ತು.

ಟೀವಿಯಲ್ಲಿ ಕೆಂಚ ಹಿಂತಿರುಗಿ ನೋಡಿದ. ಎರಡು ಸಲ ತುಳಿದ. ಆಮೇಲೆ ತುಳಿಯುವುದನ್ನು ಬಿಟ್ಟು ರಸ್ತೆಯ ಅಂಚಿಗೆ ಸರಿದು ಒಂದು ಕಾಲು ನೆಲಕ್ಕೆ ಊರಿದ. ಕಾಯುತ್ತ ನಿಂತ.

ಕೋಣೆ ಸಿಡಿಯಿತು. ಮಡಿಚುವ ಹುಡುಗಿ ಸೆಕೆಂಡಕ್ಕನ ಭುಜ ಹಿಡಿದು ಕುಲುಕಿದಳು. ಬಾಯ್ಲರ್ ಮಾವ ಎದ್ದು ಬಂದು ತನ್ನ ಚಹಾದ ಲೋಟವನ್ನೇ ಅವಳ ಕೈಗೆ ತುರುಕಿದ.

"ಒಂಬತ್ತು ವರ್ಷದ ಮೇಲೆ ನಿನ್ನ ಮಾತು ಗೆದ್ದಿತಲ್ಲಮ್ಮ ತಾಯಿ! ಎಲ್ಲಿ, ನಿನ್ನ ನಾದಿನಿ ಈಗೇನಂತಾಳೆ ಕೇಳು!"

ನಾದಿನಿ ಟೀವಿಯಿಂದ ಕಣ್ಣು ತೆಗೆಯಲಿಲ್ಲ. ಗದ್ದಲದಲ್ಲಿ ಪಕ್ಕದವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು.

"ನಾನಾಗಿದ್ರೆ ಕಾಯ್ತಿರ್ಲಿಲ್ಲ ಅತ್ತಿಗೆ. ಮೊದಲಿಂದ ಹಾಗೇ ಹೇಳ್ಕೊಂಡು ಬಂದೋಳು ನಾನು. ನಾನು ಹೇಳಿದ್ದನ್ನ ನೀವು ಮಾಡಿದ್ರಿ. ನೀವು ಹೇಳಿದ್ದನ್ನ ಅವನು ಮಾಡಿದ."

ಸೆಕೆಂಡಕ್ಕ ಅವಳ ಕಡೆ ತಿರುಗಿದಳು.

"ನಿನಗೆ ನಾನು..." ಎಂದಳು.

"ಅಮ್ಮನ ಬಟ್ಟೆ, ಔಷಧಿ ಚೀಟಿ ಅಣ್ಣನ ಕೈಲಿ ಕಳಿಸಿ. ಇನ್ನು ಅವಳು ನನ್ನ ಹತ್ರಾನೇ ಇರ್ಲಿ. ತಿಂಗಳ ಕೊನೆಗೆ ನನಗೆ ಬೇಕಾದಷ್ಟು ಬಿಡುವಿರುತ್ತೆ."

ಅಷ್ಟು ಹೇಳಿ ಲೋಟ ತೊಳೆದಿಟ್ಟು ಅವಳು ರೋಲರಿನ ಕಡೆ ಹೋದಳು.

ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂದು ಊರವರನ್ನೆಲ್ಲ ಆಡಿಕೊಳ್ಳುತ್ತಿದ್ದವಳು ಸೆಕೆಂಡಕ್ಕ. ನಾಚಿಕೆ ಅವಳ ಕಿವಿಯವರೆಗೂ ಏರಿತು. ಲೋಟ ಕೆಳಗಿಟ್ಟು ಮೆಟ್ಟಿಲ ಕಡೆ ನಡೆದಳು, ಅರ್ಧ ದಾರಿಯಲ್ಲಿ ಓಡಿದಳು. ಆಫೀಸಿನ ಬಾಗಿಲು ಅರೆ ತೆರೆದಿತ್ತು. ಒಳಗೆ ನೆಗಡಿಯ ಹೆಂಗಸು ಸೀನುವುದು ಕೇಳಿಸಿತು. ಒಳಗೆ ಹೋಗಿ, ನಾನು ಸುಳ್ಳು ಹೇಳಿದೆ, ಆ ಕೆಲಸ ಅವಳದು ಎಂದರೆ ಮುಗಿಯಿತು. ಪಟ್ಟಿ ಇನ್ನೂ ಬದಲಿಸಬಹುದಿತ್ತು. ಕೈ ಬಾಗಿಲ ಹಿಡಿಯ ಮೇಲಿಟ್ಟಳು.

ಇಟ್ಟು ನಿಂತಳು. ನಿಂತರೆ ಎಣಿಸುವುದು ಅವಳ ಚಾಳಿ. ಒಂದು, ಎರಡು, ಮೂರು. ಹತ್ತಕ್ಕೆ ಗಂಡನ ಮಂಡಿ ನೆನಪಾಯಿತು. ಹದಿನೈದಕ್ಕೆ ತನ್ನ ವಯಸ್ಸು ನೆನಪಾಯಿತು. ಹತ್ತೊಂಬತ್ತಕ್ಕೆ ಕೈ ತಾನಾಗಿಯೇ ಕೆಳಗಿಳಿಯಿತು. ಗಿಡ್ಡನ ಮೇಲೆ ಒಂಬತ್ತು ವರ್ಷ ಕಾರಿದ ವಿಷವೆಲ್ಲ ನೆನಪಾಯಿತು, ಆದರೂ ಕೈ ಮತ್ತೆ ಮೇಲೇಳಲಿಲ್ಲ.

ಕೆಳಗೆ ರೋಲರು ಬಿಸಿಯಾಗಿ ತಿರುಗುತ್ತಿತ್ತು. ಒಬ್ಬಳೇ ಶೀಟು ಉಣಿಸಲು ಬರುವುದಿಲ್ಲ. ನಾದಿನಿ ತನ್ನ ಮೂಲೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಇನ್ನೊಂದು ಮೂಲೆ ತೊಟ್ಟಿಯ ಅಂಚಿಗೆ ಜೋತುಬಿದ್ದು ನೀರು ತೊಟ್ಟಿಕ್ಕುತ್ತಿತ್ತು. ಮೆಟ್ಟಿಲ ಬುಡದಲ್ಲಿ ನಿಂತ ಅತ್ತಿಗೆಯ ಮುಖ ನೋಡಿದಳು. ಮೇಲೆ ಏನಾಯಿತೆಂದು ಕೇಳಲಿಲ್ಲ.

"ಎಷ್ಟು ಹೊತ್ತು ಕಾಯ್ಲಿ ಅತ್ತಿಗೆ? ಬನ್ನಿ, ಹಿಡ್ಕೊಳ್ಳಿ" ಎಂದಳು.